ಬರೆದ ಹಾಗೇ ಮಾಡಿದ ಅಕ್ಕ

ನಮ್ಮಕ್ಕನಿಗೆ ಸಿಟ್ಟು ಬಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಉಳಿದವರಿಗೆಲ್ಲ ಸಿಟ್ಟೆಂದರೆ ಪಾತ್ರೆ ಕುಕ್ಕುವುದು, ಬಾಗಿಲು ಬಡಿಯುವುದು. ಅರ್ಧ ಗಂಟೆಯಲ್ಲಿ ಮುಗಿದೂ ಹೋಗುತ್ತಿತ್ತು. ಅಕ್ಕ ಮಾತ್ರ ಸುಮ್ಮನಾಗಿಬಿಡುವಳು. ಚಿಕ್ಕಂದಿನಲ್ಲಿ ನಾನು ಅವಳ ಬಣ್ಣದ ಪೆನ್ಸಿಲ್ ಮುರಿದಾಗ ಏನೂ ಅನ್ನಲಿಲ್ಲ. ಎಂಟು ತಿಂಗಳಾದ ಮೇಲೆ, ನಾನು ಶಾಲೆಯ ನಾಟಕಕ್ಕೆ ಹೊರಟ ದಿನ, ನನ್ನ ಒಂದು ಕಾಲಿನ ಬೂಟು ಕಾಣೆಯಾಯಿತು. ಮನೆಯವರೆಲ್ಲ ಹುಡುಕಿ ಸುಸ್ತಾದರು. ಸಂಜೆ ತಾನೇ ತಂದುಕೊಟ್ಟು, "ಪೆನ್ಸಿಲ್" ಎಂದಳು. ಅಷ್ಟೇ.

ಇಂಥವಳು ಇಪ್ಪತ್ತಮೂರನೇ ವಯಸ್ಸಿಗೆ ಔಷಧ ಸಂಶೋಧನಾ ಸಂಸ್ಥೆಯೊಂದರಲ್ಲಿ ಲ್ಯಾಬ್ ಸಹಾಯಕಿಯಾಗಿ ಸೇರಿದಳು. ಅವಳಿದ್ದ ವಿಭಾಗದಲ್ಲಿ ಹೊಸ ಔಷಧ ಹುಡುಕುತ್ತಿರಲಿಲ್ಲ. ಇರುವ ಔಷಧವನ್ನೇ ಮೈಯೊಳಗೆ ನಿಧಾನವಾಗಿ ಬಿಡುವ ದಾರಿ ಹುಡುಕುತ್ತಿದ್ದರು. ಮನಸ್ಸಿನ ಕಾಯಿಲೆಯವರು ದಿನಾ ಮಾತ್ರೆ ನುಂಗಬೇಕು. ಮರೆಯುತ್ತಾರೆ, ಬೇಸರಪಡುತ್ತಾರೆ, ನಾಲಿಗೆಯ ಕೆಳಗೆ ಅಡಗಿಸಿಟ್ಟು ಆಮೇಲೆ ಉಗಿಯುತ್ತಾರೆ. ಅದರ ಬದಲು ಮೂರು ತಿಂಗಳಿಗೊಂದು ಚುಚ್ಚುಮದ್ದು ಕೊಟ್ಟರೆ? ಅದಕ್ಕಾಗಿ ಔಷಧವನ್ನು ಮೈಯಲ್ಲಿ ತಾನಾಗಿ ಕರಗುವ ಒಂದು ಬಗೆಯ ಪ್ಲಾಸ್ಟಿಕ್ಕಿನೊಂದಿಗೆ ಬೆರೆಸಿ, ನೀರಿನಲ್ಲಿ ಗಿರಗಿರ ತಿರುಗಿಸಿ, ಹಿಟ್ಟಿನಷ್ಟು ಸಣ್ಣ ಮಣಿಗಳನ್ನು ಮಾಡುತ್ತಿದ್ದರು. ಆ ಮಣಿಗಳನ್ನು ಜರಡಿ ಹಿಡಿಯಬೇಕು, ತೊಳೆಯಬೇಕು, ಒಣಗಿಸಬೇಕು. ದಪ್ಪವಾದರೆ ಸೂಜಿಯಲ್ಲಿ ಸಿಕ್ಕಿಕೊಳ್ಳುತ್ತವೆ. ತೀರಾ ಸಣ್ಣವಾದರೆ ಬೇಗ ಕರಗಿಹೋಗುತ್ತವೆ.

ಜರಡಿಯ ಕೆಲಸ ಅಕ್ಕನದು. ಅದಾದ ಮೇಲೆ ಮಣಿಗಳನ್ನು ಗಾಜಿನ ಕೊಳವೆಗಳಿಗೆ ಹಾಕಿ, ಮೈಯ ಬಿಸಿಯಷ್ಟೇ ಬಿಸಿಯಾಗಿರುವ ನೀರಿನ ತೊಟ್ಟಿಯಲ್ಲಿಟ್ಟು, ಮೊದಲ ದಿನ ಎಷ್ಟು ಔಷಧ ಹೊರಬಂತು, ವಾರಕ್ಕೆಷ್ಟು, ತಿಂಗಳಿಗೆಷ್ಟು ಎಂದು ಅಳೆದು ಬರೆಯುವುದೂ ಅವಳದೇ. ಈ ಕೆಲಸದಲ್ಲಿ ಎಲ್ಲರೂ ಹೆದರುವುದು ಮೊದಲ ದಿನಕ್ಕೆ. ಮೂರು ತಿಂಗಳು ಹನಿಹನಿಯಾಗಿ ಬರಬೇಕಾದ್ದು ಒಂದೇ ದಿನಕ್ಕೆ ಸುರಿದುಬಿಟ್ಟರೆ ಔಷಧವೇ ವಿಷ. ಒಮ್ಮೆ ಚುಚ್ಚಿದ ಮೇಲೆ ವಾಪಸು ತೆಗೆಯಲೂ ಬರುವುದಿಲ್ಲ.

ಅದೇ ಕಾಂಪೌಂಡಿನ ಹಿಂದುಗಡೆ ಪ್ರಾಣಿಗಳ ಮನೆ. ಅಲ್ಲಿ ಮೊಲಗಳನ್ನು ನೋಡಿಕೊಳ್ಳುತ್ತಿದ್ದವರು ನಮ್ಮ ಭಾವ. ಮೊಲಕ್ಕೆ ಗುಟ್ಟು ಹೇಳಿದರೂ ಊರಿಗೆಲ್ಲ ಕೇಳಿಸುವಂಥ ಗಂಟಲು ಅವರದು. ಅಕ್ಕ ಊಟದ ಕೋಣೆಯಲ್ಲಿ ಅವರ ಎದುರು ಕೂತು ಎರಡು ವರ್ಷ ಒಂದೂ ಮಾತಾಡಲಿಲ್ಲವಂತೆ. ಆಮೇಲೆ ಒಂದು ದಿನ, "ನೀವು ತುಂಬಾ ಮಾತಾಡ್ತೀರಿ, ನಂಗೆ ಅಭ್ಯಾಸ ಆಗಿಹೋಗಿದೆ" ಎಂದಳಂತೆ. ಮದುವೆಯಾಯಿತು. ನಾನು ಶಾಲೆಯೊಂದರಲ್ಲಿ ಚಿತ್ರ ಕಲಿಸುತ್ತ ಅವರ ಮನೆಯ ಮಹಡಿಯ ಕೋಣೆಯಲ್ಲೇ ಇದ್ದೆ. ಹಾಸಿಗೆ ಹಿಡಿದಿದ್ದ ಅಮ್ಮನೂ ಆ ಮನೆಯಲ್ಲೇ ಇದ್ದಳು.

ಅಕ್ಕನ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ನಗುಮುಖದ ಡಾಕ್ಟರು ಎನ್ನುತ್ತಿದ್ದರು. ಬೈಯುವಾಗಲೂ ನಗುತ್ತಲೇ ಬೈಯುವ ಮನುಷ್ಯ. ಆ ಚಳಿಗಾಲದಲ್ಲಿ ಅವರಿಗೆ ಮೇಲಿನವರ ಮುಂದೆ ಮೊಲಗಳ ಪರೀಕ್ಷೆಯ ಫಲಿತಾಂಶ ಇಡಬೇಕಾಗಿತ್ತು. ಸಮಯವಿರಲಿಲ್ಲ. ಎರಡು ದಿನ ತಣ್ಣಗೆ ಒಣಗಬೇಕಿದ್ದ ಮಣಿಗಳನ್ನು ಒಂದೇ ರಾತ್ರಿ ಬಿಸಿ ಗಾಳಿಗೆ ಹಿಡಿಯಲು ಹೇಳಿದರು.

"ಸರ್, ಇಷ್ಟು ಬೇಗ ಒಣಗಿಸಿದ್ರೆ ಒಳಗಿನ ನೀರು ಔಷಧಾನೂ ಎಳ್ಕೊಂಡು ಹೊರಗೆ ಬರತ್ತೆ. ಮಣಿ ಮೇಲೆಲ್ಲ ಕೂತ್ಕೊಂಡುಬಿಡತ್ತೆ," ಎಂದಳು ಅಕ್ಕ.

"ಇದು ಅಡುಗೆಮನೆ ವಿಜ್ಞಾನ ಕಣಮ್ಮ," ಎಂದು ನಕ್ಕರು ಡಾಕ್ಟರು. "ಹೇಳಿದಷ್ಟು ಮಾಡು."

ಮಾಡಿದಳು. ಕೊಳವೆಗೆ ಹಾಕಿ ಒಂದು ದಿನ ಬಿಟ್ಟು ಅಳೆದಳು. ನೂರಕ್ಕೆ ಅರವತ್ತನಾಲ್ಕು ಪಾಲು ಹೊರಬಂದಿತ್ತು. ಹತ್ತು ದಾಟಬಾರದು! ಪುಸ್ತಕದಲ್ಲಿ ಬರೆದು, ಓಡಿಹೋಗಿ ತೋರಿಸಿದಳು.

ಡಾಕ್ಟರು ಪುಟದ ಮೇಲೆ ಬೆರಳಿಟ್ಟು, "ದಶಮಾಂಶದ ಚುಕ್ಕೆ ಬಿಟ್ಟಿದ್ದೀಯ. ಆರು ಪಾಯಿಂಟ್ ನಾಲ್ಕು. ತಿದ್ದು," ಎಂದರು.

"ನಾನು ಎರಡು ಸಲ ನೋಡಿದೀನಿ ಸರ್."

"ಮೂರನೇ ಸಲ ನಾನು ನೋಡ್ತಾ ಇದೀನಲ್ಲ. ತಿದ್ದಿ ಸಹಿ ಹಾಕು."

ಲ್ಯಾಬಿನ ಪುಸ್ತಕದಲ್ಲಿ ತಪ್ಪಾದರೆ ಗೀಚಿ ಅಳಿಸುವಂತಿಲ್ಲ. ಹಳೆಯದು ಕಾಣುವ ಹಾಗೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ಅಕ್ಕ ಒಂದೇ ಗೆರೆ ಎಳೆದಳು. ಆರು ಪಾಯಿಂಟ್ ನಾಲ್ಕು ಎಂದು ಬರೆದು ಸಹಿ ಹಾಕಿದಳು. ಯಾಕೆ ಹಾಕಿದೆ ಎಂದು, ಎಲ್ಲ ಗೊತ್ತಾದ ಮೇಲೆ ನಾನು ಬಹಳ ಸಲ ಕೇಳಿದ್ದೇನೆ. "ಹೆದರಿಕೆ ಕಣೇ, ಇನ್ನೇನು," ಎಂದಿದ್ದಾಳೆ. ಅದಕ್ಕಿಂತ ಚೆನ್ನಾದ ಕಾರಣ ಅವಳಲ್ಲಿರಲಿಲ್ಲ.

ಅದೇ ಮಧ್ಯಾಹ್ನ ಹನ್ನೆರಡು ಮೊಲಗಳಿಗೆ ಚುಚ್ಚಿದರು. ಒಂದೊಂದನ್ನೂ ಭಾವ ಎದೆಗವಚಿ ಹಿಡಿದುಕೊಂಡಿದ್ದರು. ಮಾರನೆಯ ದಿನ ಮೊಲಗಳು ಮಂಕಾದವು. ಅದರ ಮಾರನೆಯ ಬೆಳಿಗ್ಗೆ ಭಾವ ಬಾಗಿಲು ತೆಗೆದಾಗ ಒಂಬತ್ತು ಸತ್ತು ತಣ್ಣಗಾಗಿದ್ದವು. ಜೀವವಿದ್ದ ಉಳಿದ ಮೂರೂ ಮುಟ್ಟಿದರೆ ಕಲ್ಲಿನ ಹಾಗೆ ತಣ್ಣಗಿದ್ದವು. ಆ ಔಷಧ ಹೆಚ್ಚಾದರೆ ಮೈಯ ಬಿಸಿಯೇ ಇಳಿದುಹೋಗುತ್ತದೆ. ಡಾಕ್ಟರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೂ ಸತ್ತ ಮೊಲವನ್ನು ಮುಟ್ಟಿ ನೋಡಿ, ಎಲ್ಲರ ಮುಂದೆ ಭಾವನ ಕಡೆ ತಿರುಗಿ, "ಈ ಚಳೀಲಿ ರಾತ್ರಿ ಇಲ್ಲಿನ ಹೀಟರ್ ಆರಿಸಿ ಹೋಗಿದ್ದೀಯಲ್ಲಯ್ಯ," ಎಂದರು. ಮುಖದಲ್ಲಿ ಅದೇ ನಗು.

ಭಾವನಿಗೆ ಹೊರಡುವಾಗ ಎಲ್ಲ ಸ್ವಿಚ್ಚುಗಳನ್ನೂ ಆರಿಸುವ ಅಭ್ಯಾಸವಿತ್ತು. ಎಷ್ಟೋ ಸಲ ನಮ್ಮ ಮನೆಯಲ್ಲೂ ಓದುತ್ತ ಕೂತವರ ತಲೆಯ ಮೇಲಿನ ದೀಪ ಆರಿಸಿ ಬೈಸಿಕೊಂಡಿದ್ದರು. ಹಾಗಾಗಿ, "ಇಲ್ಲ" ಎನ್ನಬೇಕಾದ ಹೊತ್ತಿಗೆ ಆ ಮನುಷ್ಯನ ಬಾಯಲ್ಲಿ, "ನೆನಪಾಗ್ತಾ ಇಲ್ಲ ಸರ್," ಎಂದು ಬಂತು. ಅಷ್ಟು ಸಾಕಾಯಿತು. ವಾರದೊಳಗೆ ಕೆಲಸದಿಂದ ತೆಗೆದರು.

ಅಕ್ಕ ಮೂರನೆಯ ದಿನ ಅದೇ ಕೊಳವೆಗಳನ್ನು ಮತ್ತೆ ಅಳೆದಿದ್ದಳು. ಎಪ್ಪತ್ತೊಂದು. ಅಂದರೆ ಮೊದಲ ದಿನದ ಅರವತ್ತನಾಲ್ಕು ನಿಜ. ಡಾಕ್ಟರ ಕೋಣೆಗೆ ಹೋಗಿ, "ಹೀಟರ್ ಅಲ್ಲ ಸರ್," ಎಂದಳು.

"ಆ ಪುಟದಲ್ಲಿ ಸಹಿ ಯಾರದಮ್ಮ?" ಎಂದರು ಅವರು. "ನನ್ನದಾ?"

ಅಕ್ಕ ಸುಮ್ಮನಾದಳು. ಅವಳು ಸುಮ್ಮನಾದರೆ ಏನರ್ಥವೆಂದು ನಮ್ಮ ಮನೆಯವರಿಗೆ ಗೊತ್ತು. ಡಾಕ್ಟರಿಗೆ ಗೊತ್ತಿರಲಿಲ್ಲ.

ಆ ಸಂಜೆ ಮನೆಯಲ್ಲಿ ಭಾವ ತಟ್ಟೆಯ ಮುಂದೆ ಕೂತು, "ನಾನೇ ಆರಿಸಿದ್ನೇನೋ ಕಣೇ. ಕೈ ಅಭ್ಯಾಸ. ನನ್ನ ಕೈಯಾರೆ ಕೊಂದ್ನೇನೋ," ಎಂದರು. ಅಕ್ಕ ಅವರ ತಟ್ಟೆಗೆ ಬಡಿಸುತ್ತ, "ಆಗಿದ್ದು ಆಯ್ತು ಬಿಡಿ. ಊಟ ಮಾಡಿ," ಎಂದಳು. ನಾನು ಅಲ್ಲೇ ಇದ್ದೆ. ಅವಳು ಇನ್ನೊಂದು ಸೌಟು ಸಾರು ಹಾಕಿದಳು.

ಆಮೇಲೆ ಒಂಬತ್ತು ವರ್ಷ.

ಭಾವ ಸ್ಟೇಷನ್ನಿನ ಹತ್ತಿರದ ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿ ಹರಿಯುವ ಕೆಲಸಕ್ಕೆ ಸೇರಿದರು. ಮನೆ ಬಿಟ್ಟು ಹೊರಟರೆ ಬೀದಿಯ ಕೊನೆಗೆ ಹೋಗಿ ವಾಪಸು ಬರುವರು. ಸ್ವಿಚ್ ನೋಡುವರು. ಮತ್ತೆ ಹೊರಡುವರು. ಮತ್ತೆ ಬರುವರು. ಇಸ್ತ್ರಿಪೆಟ್ಟಿಗೆಯ ವಯರನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡೇ ಕೆಲಸಕ್ಕೆ ಹೋದ ದಿನಗಳಿವೆ. ಎದುರುಮನೆಯವರು, "ಇನ್ನೊಂದು ರೌಂಡು ಬಾಕಿ ಇದೆ ಯಜಮಾನ್ರೇ," ಎಂದು ನಗುತ್ತಿದ್ದರು. ಮೊದಲು ಬೀದಿಗೆಲ್ಲ ಕೇಳಿಸುತ್ತಿದ್ದ ಗಂಟಲು ಕ್ರಮೇಣ ಪಕ್ಕದಲ್ಲಿ ಕೂತವರಿಗೂ ಕೇಳಿಸದ ಹಾಗಾಯಿತು.

ಅಕ್ಕ ಅದೇ ಡಾಕ್ಟರ ಕೈಕೆಳಗೆ ಕೆಲಸ ಮಾಡುತ್ತಲೇ ಇದ್ದಳು. ನನಗೆ ಸಹಿಸಲಾಗಲಿಲ್ಲ. ಒಂದು ದಿನ ಬಟ್ಟೆ ಒಣಹಾಕುವಾಗ ಕೇಳಿದೆ. "ಆ ಮನುಷ್ಯನಿಗೆ ದಿನಾ ಬೆಳಿಗ್ಗೆ ನಮಸ್ಕಾರ ಹೇಗೆ ಹೇಳ್ತೀಯೇ? ನಾನಾಗಿದ್ರೆ ಮುಖಕ್ಕೆ ಉಗೀತಿದ್ದೆ."

"ಅವನು ಇನ್ನೂ ಮೇಲೆ ಹತ್ಲಿ," ಎಂದಳು.

"ಯಾಕೆ?"

"ಮೊದಲ್ನೇ ಮೆಟ್ಟಿಲಿಂದ ಬೀಳಿಸಿದ್ರೆ ಮೈ ಕೊಡವ್ಕೊಂಡು ಎದ್ದು ಹೋಗ್ತಾನೆ."

ಇದಕ್ಕಿಂತ ಹೆಚ್ಚು ಹೇಳಲಿಲ್ಲ. ಹೀಟರಿನ ನಿಜವನ್ನಂತೂ ನನಗೂ ಹೇಳಿರಲಿಲ್ಲ.

ಅವಳು ಮಾಡುತ್ತಿದ್ದುದು ಇಷ್ಟು. ಡಾಕ್ಟರು ಬರೆದ ವಿಧಾನದಲ್ಲಿ ಎರಡು ತೊಳೆತ, ಆ ಚಳಿಗಾಲದ ಹಾಗೆಯೇ ಒಂದು ರಾತ್ರಿಯ ಬಿಸಿ ಗಾಳಿ ಎಂದಿತ್ತು. ಅಕ್ಕ ಯಾರಿಗೂ ಹೇಳದೆ ಮಂಜಿನಷ್ಟು ತಣ್ಣನೆಯ ನೀರಿನಲ್ಲಿ ಮೂರನೆಯ ಸಲ ತೊಳೆದು, ಶುಕ್ರವಾರ ತಣ್ಣನೆಯ ಕೋಣೆಯಲ್ಲಿ ಒಣಗಲಿಟ್ಟು ಸೋಮವಾರ ತೆಗೆಯುತ್ತಿದ್ದಳು. ಮೊದಲ ದಿನದ ಅಳತೆ ಏಳು, ಎಂಟು, ಒಂಬತ್ತು ದಾಟಲಿಲ್ಲ. ಆ ಮೊಲಗಳು ಸತ್ತ ಮೇಲೆ ಡಾಕ್ಟರು ನೀರು ತಿರುಗಿಸುವ ವೇಗವನ್ನು ಒಂದಿಷ್ಟು ಬದಲಿಸಿದ್ದರು. ಎಲ್ಲ ಸರಿಹೋದದ್ದು ತಮ್ಮ ಆ ವೇಗದಿಂದಲೇ ಎಂದು ನಂಬಿದರು. ವೇಗದ ಮೇಲೆ ಲೇಖನ ಬರೆದರು, ವೇಗದ ಮೇಲೆ ಭಾಷಣ ಮಾಡಿದರು, ವೇಗಕ್ಕೆ ಶಾಲು ಹೊದಿಸಿಕೊಂಡರು. ಪ್ರತಿ ಸಲವೂ ಅಕ್ಕ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದಳು. "ನಮ್ಮ ಲ್ಯಾಬಿನ ಬಲಗೈ" ಎಂದು ಡಾಕ್ಟರು ಅವಳನ್ನು ಬಂದವರಿಗೆಲ್ಲ ಪರಿಚಯಿಸುತ್ತಿದ್ದರು. ತನಗಷ್ಟೇ ಗೊತ್ತಿರುವ ಆ ಬಗೆಯಲ್ಲಿ ಅಕ್ಕ ನಲವತ್ತೊಂದು ಬ್ಯಾಚು ಮಾಡಿದಳು.

ಕೊನೆಗೆ ಔಷಧವನ್ನು ಮನುಷ್ಯರ ಮೇಲೆ ಪ್ರಯೋಗಿಸಲು ಅನುಮತಿ ಕೇಳುವ ದಿನ ಬಂತು. ಅನುಮತಿ ಕೊಡುವ ಕಚೇರಿಯಿಂದ ಮೂವರು ಬಂದರು. ಅವರ ಮುಖ್ಯಸ್ಥೆ ಬಿಳಿಗೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡಿದ್ದ ಹಿರಿಯ ಮೇಡಂ. ತಮ್ಮ ಕಣ್ಣೆದುರೇ ಒಂದು ಬ್ಯಾಚು ಮಾಡಿ ತೋರಿಸಬೇಕು, ಬರೆದುಕೊಟ್ಟ ವಿಧಾನಕ್ಕೂ ಮಾಡುವ ಕೆಲಸಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು ಎಂದರು.

ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದರು. "ನೋಡಮ್ಮ, ಜಾಸ್ತಿ ಜಾಣತನ ಬೇಡ. ಬರೆದ ಹಾಗೇ ಮಾಡು."

"ಆಯ್ತು ಸರ್. ಬರೆದ ಹಾಗೇ ಮಾಡ್ತೀನಿ."

ಒಂಬತ್ತು ವರ್ಷ ಕಾದದ್ದು ಈ ಒಂದು ಮಾತು ಅವರ ಬಾಯಿಂದ ಬರಲೆಂದೇ ಇರಬೇಕು ಅನ್ನಿಸಿತಂತೆ ಅವಳಿಗೆ. ಬರೆದದ್ದನ್ನು ಎದುರಿಗಿಟ್ಟುಕೊಂಡು, ಸಾಲುಸಾಲಾಗಿ ಗಟ್ಟಿಯಾಗಿ ಓದುತ್ತ ಮಾಡಿದಳು. ಬರೆದಷ್ಟೇ ವೇಗ. ಎರಡೇ ತೊಳೆತ. ಒಂದು ರಾತ್ರಿಯ ಬಿಸಿ ಗಾಳಿ. ಮೇಡಂ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಪ್ರತಿ ಸಾಲಿಗೂ ಟಿಕ್ ಹಾಕಿದರು. ಮಣಿಗಳು ಕೊಳವೆಗೆ ಹೋದವು. ಮಾರನೆಯ ದಿನ ಅಳೆಯಲು ಅಕ್ಕ ಎದ್ದಾಗ ಮೇಡಂ, "ಇದನ್ನ ನಾನೇ ಓದ್ತೀನಿ," ಎಂದರು.

ಐವತ್ತೊಂಬತ್ತು.

ಡಾಕ್ಟರು ನಗಲು ನೋಡಿದರು. "ಚುಕ್ಕೆ ಬಿಟ್ಟುಹೋಗಿರಬೇಕು ಮೇಡಂ. ಐದು ಪಾಯಿಂಟ್ ಒಂಬತ್ತು ಇರತ್ತೆ. ಈಕೆ ಹಿಂದೇನೂ ಒಂದು ಸಲ ಹೀಗೇ..."

"ಓದಿದ್ದು ನಾನು," ಎಂದರು ಮೇಡಂ.

ಮತ್ತೆ ಮಾಡಿಸಿದರು. ಈ ಸಲ ಡಾಕ್ಟರೇ ಕೈಯಾರೆ ಮಾಡಬೇಕು ಎಂದರು. ಎಷ್ಟೋ ವರ್ಷದಿಂದ ಜರಡಿ ಮುಟ್ಟದ ಮನುಷ್ಯ, ತೋಳು ಮಡಿಸಿಕೊಂಡು, ಬೆವರುತ್ತ ಮಾಡಿದರು. ಅಕ್ಕ ಕೈಕಟ್ಟಿ ನಿಂತು ನೋಡಿದಳು. ಜರಡಿ ಹಿಡಿಯುವ ಬಗೆಯನ್ನು ಅವರು ಅವಳನ್ನೇ ಎರಡು ಸಲ ಕೇಳಬೇಕಾಯಿತು. ಎರಡು ಸಲವೂ ಅಕ್ಕ ಬಹಳ ಮರ್ಯಾದೆಯಿಂದ ಹೇಳಿಕೊಟ್ಟಳು. ಆ ಮಣಿಗಳು ಒಣಗಿ ಕೊಳವೆಗೆ ಹೋದ ಮಾರನೆಯ ದಿನ ಅರವತ್ತೆರಡು ಬಂತು.

"ಹಾಗಾದ್ರೆ ಈ ಹಿಂದಿನ ನಲವತ್ತೊಂದು ಬ್ಯಾಚು ಹೇಗೆ ಸರಿಬಂತು?" ಎಂದು ಮೇಡಂ ಡಾಕ್ಟರನ್ನು ಕೇಳಿದರು. ಅವರು ವೇಗ, ಹವೆ, ಯಂತ್ರ ಎಂದು ತಡವರಿಸಿದರು. ಆಗ ಅಕ್ಕ, "ನಾನು ಹೇಳ್ಲಾ ಮೇಡಂ?" ಎಂದಳು.

ಮೂರನೆಯ ತೊಳೆತ ಹೇಳಿದಳು. ತಣ್ಣನೆಯ ಕೋಣೆ ಹೇಳಿದಳು. ಆಮೇಲೆ ಕಪಾಟಿನಿಂದ ಒಂಬತ್ತು ವರ್ಷದ ಹಿಂದಿನ ಪುಸ್ತಕ ತಂದು ಆ ಪುಟ ತೆಗೆದಿಟ್ಟಳು. ಒಂದೇ ಗೆರೆಯ ಕೆಳಗೆ ಅರವತ್ತನಾಲ್ಕು ಚೆನ್ನಾಗಿ ಕಾಣುತ್ತಿತ್ತು. ಮುಂದಿನ ಪುಟದಲ್ಲಿ, ಯಾರೂ ತಿರುಗಿಸಿ ನೋಡದ ಎಪ್ಪತ್ತೊಂದು. "ಒಂಬತ್ತು ಮೊಲ ಸತ್ತಿದ್ದು ಹೀಟರ್‌ನಿಂದಲ್ಲ. ಇವರು ಹೇಳಿದ ಹಾಗೇ ಮಾಡಿದ್ರಿಂದ. ಇವರಿಗೆ ಗೊತ್ತಿತ್ತು. ತಿದ್ದಿಸಿದ್ದು ಇವರು, ತಿದ್ದಿದ್ದು ನಾನು. ಕೆಲಸ ಕಳಕೊಂಡಿದ್ದು ನನ್ನ ಗಂಡ."

ಮೇಡಂ ಪುಸ್ತಕ ಮುಚ್ಚಿ ಅವಳನ್ನೇ ನೋಡಿದರು. "ಇಷ್ಟು ವರ್ಷ ಮುಚ್ಚಿಟ್ಟಿದ್ರಲ್ಲ. ಇದು ಜನರ ಮೈಗೆ ಹೋಗೋ ಔಷಧ ಅಂತ ನೆನಪಿತ್ತಾ?"

"ನೀವು ಬಂದು ಹೋಗೋವರೆಗೂ ಯಾರ ಮೈಗೂ ಹೋಗಲ್ಲ ಅಂತ ಗೊತ್ತಿತ್ತು ಮೇಡಂ. ಅದಕ್ಕೇ ಇವತ್ತು ಹೇಳಿದೆ."

"ತಪ್ಪು ನಿಮ್ಮದೂ ಇದೆ."

"ಇದೆ. ಬರ್ಕೊಳ್ಳಿ," ಎಂದಳು ಅಕ್ಕ.

ಹೊರಗೆ ಮೆಟ್ಟಿಲ ಹತ್ತಿರ ಡಾಕ್ಟರು ಅವಳನ್ನು ತಡೆದರು. ಮುಖದಲ್ಲಿ ನಗುವಿರಲಿಲ್ಲ, ನಗುವಿಲ್ಲದೆ ಬೇರೆ ಯಾರದೋ ಮುಖದ ಹಾಗಿತ್ತಂತೆ. "ನಿನ್ನನ್ನ ತಲೆ ಮೇಲೆ ಕೂರಿಸ್ಕೊಂಡಿದ್ದೆ. ನಿನಗೇನು ಕಮ್ಮಿ ಮಾಡಿದ್ದೆ ನಾನು?"

"ನಮ್ಮನೇವ್ರು ದಿನಾ ನಾಲ್ಕು ಸಲ ಬೀದಿ ಕೊನೆಯಿಂದ ವಾಪಸ್ ಬರ್ತಾರೆ ಸರ್. ನೀವೂ ಇನ್ನು ಮುಂದೆ ಹಾಗೇ ಬನ್ನಿ."

ಇದನ್ನೆಲ್ಲ ಆ ಸಂಜೆ ಅಕ್ಕ ಭಾವನನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದಳು. ಅವಳ ಕಣ್ಣು ಹೊಳೆಯುತ್ತಿತ್ತು. ಅಷ್ಟು ಮಾತಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಡಾಕ್ಟರು ಜರಡಿ ಹಿಡಿದ ಬಗೆಯನ್ನು ಎದ್ದು ನಿಂತು ನಟಿಸಿ ತೋರಿಸಿದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಭಾವ ನಗಲಿಲ್ಲ.

"ನಿನಗೆ ಯಾವಾಗಿಂದ ಗೊತ್ತು?" ಎಂದರು.

"ಮೂರನೇ ದಿನದಿಂದ."

"ಯಾವುದರ ಮೂರನೇ ದಿನ?"

"ಮೊಲಗಳಿಗೆ ಚುಚ್ಚಿದ ಮೂರನೇ ದಿನ. ನಿಮಗೆ ಹೇಳಿದ್ರೆ ನೀವು ಅವತ್ತೇ ಹೋಗಿ ಅವನ ಕಾಲರ್ ಹಿಡೀತಿದ್ರಿ. ನಿಮ್ಮ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ. ನನ್ನದೂ ಕೆಲಸ ಹೋಗ್ತಿತ್ತು, ಅವನು ಆರಾಮಾಗಿರ್ತಿದ್ದ. ಅಮ್ಮನ ಔಷಧಿ, ಮನೆ..."

"ಒಂಬತ್ತು ವರ್ಷ," ಎಂದರು ಭಾವ. ದನಿ ಏರಲಿಲ್ಲ. "ದಿನಾ ಆ ಬಾಗಿಲು ಹಾಕ್ತೀನಿ ಕಣೇ ನಾನು. ದಿನಾ ಆ ಸ್ವಿಚ್ ಹತ್ರ ಕೈ ಹೋಗತ್ತೆ. ಆರಿಸಿದ್ನಾ, ಇಲ್ವಾ. ನೀನು ಪಕ್ಕದಲ್ಲೇ ಇದ್ದೆ. ಒಂದು ಮಾತು. 'ನೀವಲ್ಲ' ಅಂತ ಒಂದು ಮಾತು."

ಅಕ್ಕ ಕೈ ಚಾಚಿದಳು. ಭಾವ ಕುರ್ಚಿ ಹಿಂದಕ್ಕೆ ಸರಿಸಿದರು.

"ನೀನು ಅವನ ಮೇಲೆ ತೀರಿಸ್ಕೊಂಡೆ. ನಾನು ಯಾರ ಮೇಲೆ ತೀರಿಸ್ಕೊಳ್ಲಿ?"

ಎದ್ದು ಹೋದರು. ಮರುದಿನವೇ ತಮ್ಮ ಹಾಸಿಗೆಯನ್ನು ಮಹಡಿಗೆ ತಂದು ನನ್ನ ಕೋಣೆಯ ಹೊರಗಿನ ಹಜಾರದಲ್ಲಿ ಹಾಕಿಕೊಂಡರು.

ಮುಂದಿನ ಸಂಗತಿಗಳು ಬೇಗಬೇಗ ನಡೆದವು. ಡಾಕ್ಟರನ್ನು ಹುದ್ದೆಯಿಂದ ಇಳಿಸಿದರು. ಅವರ ವೇಗದ ಲೇಖನಗಳನ್ನು ವಾಪಸು ತೆಗೆದುಕೊಳ್ಳಬೇಕಾಯಿತು. ವಿಧಾನವನ್ನು ಹೊಸದಾಗಿ ಬರೆಯಲು ಅಕ್ಕನನ್ನೇ ಕೂರಿಸಿದರು. ಆ ಕೆಲಸ ಮುಗಿದ ಮೇಲೆ, ಸುಳ್ಳು ಅಂಕಿಗೆ ಸಹಿ ಹಾಕಿದ್ದಕ್ಕೆ ಶಿಕ್ಷೆಯೆಂದು ಲ್ಯಾಬಿನಿಂದ ತೆಗೆದು ಗಾಜಿನ ಸಾಮಾನಿನ ದಾಸ್ತಾನು ಕೋಣೆಗೆ ಹಾಕಿದರು. ಬೇರೊಬ್ಬರ ಕೈಯಲ್ಲಿ ಔಷಧದ ಕೆಲಸ ಮುಂದುವರಿಯಿತು. ಭಾವನಿಗೆ ತಪ್ಪಿಲ್ಲವೆಂದು ಪತ್ರ ಬಂತು. ಹಳೆಯ ಕೆಲಸವನ್ನೂ ವಾಪಸು ಕೊಟ್ಟರು. ಅವರು ಪತ್ರವನ್ನು ಎದುರುಮನೆಯವರಿಗೆ ಪೂರ್ತಿ ಓದಿ ಹೇಳಿ, ಮಾರನೆಯ ಸೋಮವಾರದಿಂದ ಮೊಲಗಳ ಹತ್ತಿರ ಹೋದರು.

ಗಂಡ ಹೆಂಡತಿ ಒಂದೇ ಗೇಟಿನೊಳಗೆ ಕೆಲಸಕ್ಕೆ ಹೋಗುತ್ತಿದ್ದರು. ಆದರೆ ಅಕ್ಕ ಎಂಟು ಗಂಟೆಯ ಬಸ್ಸು, ಭಾವ ಎಂಟೂಕಾಲರ ಬಸ್ಸು. ಊಟದ ಕೋಣೆಯಲ್ಲಿ ಬೇರೆ ಬೇರೆ ಮೇಜು. ಮನೆಯಲ್ಲಿ ಬೇಕಾದಷ್ಟೇ ಮಾತು: ಉಪ್ಪು ಕಮ್ಮಿ, ಅಮ್ಮ ಕರೀತಾ ಇದಾರೆ, ಕೊಡೆ ತಗೊಂಡ್ಹೋಗು. ಸುಮ್ಮನಿರುವುದು ಎಷ್ಟು ಚೂಪಾದ ಅಸ್ತ್ರವೆಂದು ಅಕ್ಕನಿಗೆ ಅವಳ ಗಂಡನೇ ತೋರಿಸಿಕೊಟ್ಟರು. ಎರಡು ವರ್ಷ ನಾನು ಮಧ್ಯದಲ್ಲಿ ಅಂಚೆಯವಳಾಗಿದ್ದೆ.

"ತಪ್ಪಾಯ್ತು ಅಂತ ಹೇಳ್ಬಾರ್ದಾ?" ಎಂದು ಅಕ್ಕನನ್ನು ಕೇಳಿದೆ.

"ಹೇಳಿದೀನಿ. ಮೂರು ಸಲ," ಎಂದಳು. "ಅವರಿಗೆ ಹೇಳ್ದೆ ಇದ್ದಿದ್ದಕ್ಕೆ ತಪ್ಪಾಯ್ತು ಅಂದೆ. ಆ ಮನುಷ್ಯನಿಗೆ ಮಾಡಿದ್ದಕ್ಕೆ ಅನ್ನಲಿಲ್ಲ. ಅದಕ್ಕೆ ಯಾವತ್ತೂ ಅನ್ನಲ್ಲ."

ಮೂರನೆಯ ವರ್ಷದಲ್ಲಿ ಒಂದು ಭಾನುವಾರ ಬೆಳಿಗ್ಗೆ ನಾನು ಪೇಪರ್ ಓದುತ್ತಿದ್ದೆ. ನಗುಮುಖದ ಡಾಕ್ಟರ ಫೋಟೋ ಇತ್ತು. ಬೇರೆ ಊರಿನ ಔಷಧ ಕಾರ್ಖಾನೆಯೊಂದು ಅವರನ್ನು ಸಲಹೆಗಾರರಾಗಿ ನೇಮಿಸಿಕೊಂಡಿತ್ತು. ನಗು ವಾಪಸು ಬಂದಿತ್ತು. ನಾನು ಪುಟ ಮಡಚಿಡುವಷ್ಟರಲ್ಲಿ ಅಕ್ಕ ನೋಡಿಬಿಟ್ಟಳು.

ಒಳಗೆ ಹೋಗಿ, ಲ್ಯಾಬ್ ಪುಸ್ತಕದ ಆ ಎರಡು ಪುಟಗಳ ನಕಲು, ವಿಚಾರಣೆಯ ವರದಿಯ ನಕಲು, ಒಂದು ಉದ್ದನೆಯ ಲಕೋಟೆ ತಂದು ಮೇಜಿನ ಮೇಲಿಟ್ಟಳು. "ನಿನ್ನ ಅಕ್ಷರ ಚೆನ್ನಾಗಿದೆ. ಕಾರ್ಖಾನೆಯ ಮಾಲೀಕರಿಗೆ ಅಂತ ವಿಳಾಸ ಬರಿ," ಎಂದಳು.

"ಇನ್ನೂ ಸಾಲದೇನೇ ನಿನಗೆ?"

"ಸಾಲದು."

ಭಾವ ಮೆಟ್ಟಿಲಿಳಿದು ಬಂದವರು ಅಲ್ಲೇ ನಿಂತರು. ಮೇಜಿನ ಮೇಲಿದ್ದ ಪೇಪರನ್ನು ಎತ್ತಿಕೊಂಡು, ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಕೆಳಗಿಟ್ಟರು. ಲಕೋಟೆಯನ್ನು ಕೈಯಲ್ಲಿ ತೂಗಿ ನೋಡಿದರು. ಆಮೇಲೆ ಅಕ್ಕನ ಎದುರಿನ ಕುರ್ಚಿ ಎಳೆದು ಕೂತರು.

"ಮಾಮೂಲಿ ಟಪಾಲಿಗೆ ಹಾಕಿದ್ರೆ ಕಸದ ಬುಟ್ಟಿಗೆ ಹಾಕ್ತಾರೆ," ಎಂದರು, ಎದುರುಮನೆಗೂ ಕೇಳಿಸುವಂಥ ಗಂಟಲಿನಲ್ಲಿ. "ರಿಜಿಸ್ಟರ್ ಮಾಡ್ಸು. ಕೊಡು ಇಲ್ಲಿ, ನಾಳೆ ನಾನೇ ಹೋಗ್ತೀನಿ."